ವಾಪಸ್ ಬಂದ ಬಿಳಿ ಡೈಸಿ

"ಕತ್ತರಿ ಕೆಳಗಿಡ್ರೀ!"

ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸೇ ನಡುಗುವಂಥ ಕೂಗು. ಬಿಳಿ ಜರ್ಬೆರಾ ಹೂಗಿಡಗಳ ಸಾಲಿನ ಮುಂದೆ ಬಗ್ಗಿದ್ದ ಯುವಕ ಬೆಚ್ಚಿ ತಿರುಗಿದ. ಮಣ್ಣು ಮೆತ್ತಿದ ಕೈಯನ್ನು ಸೊಂಟದ ಮೇಲಿಟ್ಟು ನಿಂತಿದ್ದಳು ಮುನಿಲಕ್ಷ್ಮಿ. ಕಣ್ಣಲ್ಲಿ ಕೆಂಡ!

"ಒಂದೇ ಒಂದು ಹೂ ನೋಡೋಣ ಅಂತ..."

"ಕತ್ತರಿಸಿದ್ರೆ ಉಳಿದ ದಂಟು ಕೊಳೆತು ಗಿಡಾನೇ ಹೋಗ್ಬುಡ್ತದೆ. ಬುಡದಲ್ಲಿ ಹಿಡ್ಕಂಡು, ಮೆಲ್ಲಗೆ ತಿರುಗಿಸಿ ಎಳೀಬೇಕು. ಹಿಂಗೆ..."

ಕರೆದ ಕೂಡಲೇ ಬಂದಂತೆ ಹೂ ಅವಳ ಕೈಗೆ ಬಂತು.

ಅವನು ಹೂವನ್ನು ನೋಡಲೇ ಇಲ್ಲ... ಅವಳನ್ನೇ ನೋಡುತ್ತಿದ್ದ.

ಅವನು ಚೆನ್ನಕೇಶವ. ಹೊಸೂರಿನ ಆಲಸನತ್ತಂನವನು. ಮದುವೆ ಮಂಟಪಗಳಿಗೆ ಹೂವಿನ ಅಲಂಕಾರ ಮಾಡುವುದು ಅವನ ಕೆಲಸ. ಮತ್ತಿಗಿರಿ ಆಚೆಗಿನ ಈ ಅರ್ಧ ಎಕರೆ ಪಾಲಿಹೌಸ್ ಮುನಿಲಕ್ಷ್ಮಿಯದು. "ಹೆಣ್ಮಗಳು ಫಾರಿನ್ ಹೂ ಬೆಳೀತಾಳಂತೆ" ಎಂದು ನಕ್ಕಿದ್ದ ಊರು ಈಗ ನಗುತ್ತಿರಲಿಲ್ಲ. ಮಾರುಕಟ್ಟೆಯ ತಮಿಳು ವರ್ತಕರು "ಮುನಿಲಕ್ಷ್ಮಿ ಪೂ" ಎಂದೇ ಕೇಳಿ ಕೊಳ್ಳುತ್ತಿದ್ದರು. ಹೂ ಚೆನ್ನಾಗಿಲ್ಲದಿದ್ದರೆ ಕಟ್ಟು ವಾಪಸ್ ಬರುವುದು ಅಲ್ಲಿನ ಪದ್ಧತಿ. ಎರಡು ವರ್ಷದಲ್ಲಿ ಅವಳ ಒಂದು ಕಟ್ಟೂ ವಾಪಸ್ ಬಂದಿರಲಿಲ್ಲ!

ಅಂದಿನಿಂದ ಪ್ರತಿ ಶುಕ್ರವಾರ ಚೆನ್ನಕೇಶವ ಹೂ ಒಯ್ಯುತ್ತಿದ್ದ, ಸೋಮವಾರ ಖಾಲಿ ಕ್ರೇಟು ತಂದಿಡುತ್ತಿದ್ದ. ಸೋಮವಾರ ಬಂದರೆ ಸಾಕು, ಮುನಿಲಕ್ಷ್ಮಿ ಕನ್ನಡಿಯ ಮುಂದೆ ಎರಡು ಸಲ ನಿಲ್ಲುತ್ತಿದ್ದಳು.

ಅಜ್ಜಿ ಭದ್ರಮ್ಮ ಬಿಡುತ್ತಾಳೆಯೇ? "ಚಂದ್ರನ ಮಗಳು ಸೂರ್ಯನ್ನ ನೋಡಾಕೆ ಭೂಮಿಗಿಳಿದು ಬಂದ್ಲಂತೆ. ಅವಳ ಬಿಳಿ ಸೀರೆ ಮಧ್ಯ ಅವನು ಅರಿಶಿನದ ಬೊಟ್ಟಿಟ್ಟು ಹೋದ್ನಂತೆ. ಅದೇ ಕಣೇ ಈ ಹೂವು. ನಿನ್ ಸೂರ್ಯ ವ್ಯಾನಲ್ಲಿ ಬತ್ತಾನೆ, ಅಷ್ಟೇ!"

"ಸುಮ್ನಿರಜ್ಜಿ!"

ಆದರೆ ಒಂದು ಸೋಮವಾರ, ಕ್ರೇಟಿನ ತಳದಲ್ಲಿ ಒಂದು ಕಟ್ಟು ಇತ್ತು. ಹತ್ತು ಬಿಳಿ ಹೂ. ಅವಳವೇ!

'ವಾಪಸ್ಸಾ? ನನ್ನ ಹೂವಾ?'

ಎಸಳು ಎಸಳನ್ನೂ ನೋಡಿದಳು. ಒಂದು ಕಲೆಯೂ ಇರಲಿಲ್ಲ. ಮುಂದಿನ ಸೋಮವಾರ ಮತ್ತೊಂದು ಕಟ್ಟು. ಅದರ ಮುಂದಿನ ಸೋಮವಾರ ಇನ್ನೊಂದು...

ಅಂದು ಅವಳು ವ್ಯಾನಿಗೆ ಅಡ್ಡ ನಿಂತಳು.

"ಏನ್ರೀ, ನನ್ ಹೂವಲ್ಲಿ ಏನು ಕೊರತೆ ಕಂಡ್ರಿ? ಬಾಯಿಬಿಟ್ಟು ಹೇಳಾಕಾಗ್ದೆ ಕದ್ದುಮುಚ್ಚಿ ವಾಪಸ್ ಹಾಕ್ತೀರಾ? ಈ ಶುಕ್ರವಾರದಿಂದ ಬರ್ಬ್ಯಾಡಿ!"

ಅವಳು ತಲೆ ತಗ್ಗಿಸಲಿಲ್ಲ.

ಚೆನ್ನಕೇಶವ ವ್ಯಾನಿನಿಂದ ಧುಮುಕಿದ. "ವಾಪಸ್ಸಾ? ಅಯ್ಯೋ, ಅದು ನಿಮಗೆ ಕೊಟ್ಟಿದ್ದು ಕಣ್ರೀ!"

"ನನಗಾ?"

"ಜರ್ಬೆರಾ ಅಂದ್ರೆ ಡೈಸಿ ಜಾತೀನೇ. ಹೂವಿನ ಭಾಷೆ ಅಂತ ಒಂದು ಇದೆಯಂತೆ... ಅಲಂಕಾರದ ತರಗತೀಲಿ ಹೇಳಿಕೊಟ್ರು. ಬಿಳಿ ಡೈಸಿ ಅಂದ್ರೆ ಕಪಟ ಇಲ್ಲದ ಮನಸ್ಸು, ಕೈಬಿಡದ ಪ್ರೀತಿ. ಹೂ ಬೆಳೆಯೋರಿಗೆ ಗೊತ್ತೇ ಇರುತ್ತೆ ಅಂದ್ಕೊಂಡೆ."

ಅವಳ ಕೋಪ ಕೆನ್ನೆಗಿಳಿದು ಕೆಂಪಾಯಿತು. 'ಎರಡು ಕಟ್ಟು... ಮೊದಲಿನ ಎರಡು ಕಟ್ಟನ್ನೂ ಸಿಟ್ಟಲ್ಲಿ ಹಸುವಿಗೆ ಹಾಕಿಬಿಟ್ಟೆನಲ್ಲಾ!'

ಆದರೂ ಹೆಮ್ಮೆ ಸೋಲಬೇಕಲ್ಲ?

"ನಾನು ಬೆಳೆದಿದ್ದನ್ನ ನನಗೇ ಕೊಟ್ರೆ ಅದ್ಯಾವ ಸೀಮೆ ಪ್ರೀತಿ? ನೀವೇ ಬೆಳೆದು ತನ್ನಿ. ಆಗ ನೋಡೋಣ."

ಅವನು ನಗಲಿಲ್ಲ. "ಒಂದು ಸಸಿ ಕೊಡಿ" ಎಂದ. ಅವಳು ಒಂದನ್ನು ಬುಡದ ಮಣ್ಣಿನ ಸಮೇತ ಕೊಟ್ಟಳು.

ಶುಕ್ರವಾರಗಳು ಬಂದವು, ಹೋದವು. ಅವನು ಹೂ ಒಯ್ಯುತ್ತಿದ್ದ, ಸಸಿಯ ಮಾತು ಮಾತ್ರ ಎತ್ತುತ್ತಿರಲಿಲ್ಲ. 'ಮರೆತೇಬಿಟ್ಟನಾ? ನಾನೇ ಜಾಸ್ತಿ ಮಾತಾಡಿಬಿಟ್ಟೆನಾ?' ಅವಳಿಗೆ ಊಟ ಸೇರುತ್ತಿರಲಿಲ್ಲ.

ಮೂರು ತಿಂಗಳ ಮೇಲೆ ಒಂದು ಬೆಳಗ್ಗೆ ಅವನು ಕುಂಡವನ್ನೇ ಹೊತ್ತು ತಂದ. ಅದರಲ್ಲಿ ಒಂದೇ ಒಂದು ಹೂ. ಚಿಕ್ಕದು. ದಂಟು ಸೊಟ್ಟ.

ಅಜ್ಜಿ ಇಣುಕಿದಳು. "ಇದೇನ್ಲಾ, ಹೂವಾ? ಗಾಳಿಗೆ ಹೆದರ್ಕಂಡಂಗೈತೆ!"

"ಮೂರು ಮೊಗ್ಗು ಉದುರ್ಬುಟ್ವು ಅಜ್ಜಿ. ಇದೊಂದು ನಿಲ್ತು."

ಮುನಿಲಕ್ಷ್ಮಿ ಕುಂಡದ ಮುಂದೆ ಮಂಡಿಯೂರಿದಳು. ಅವನ ಉಗುರುಗಳಲ್ಲಿ ಮಣ್ಣು ಕೂತಿತ್ತು. ಅವಳ ಕಣ್ಣು ತುಂಬಿತು.

"ಏನು ಹಾಕಿ ಬೆಳೆಸಿದ್ರಿ?"

"ಕಾಫಿ ಚರಟ, ಮೊಟ್ಟೆ ಸಿಪ್ಪೆ... ಅಮ್ಮ ದಿನಾ ಕೇಳೋರು, ಇದೆಲ್ಲಾ ಯಾರಿಗೋಸ್ಕರ ಅಂತ."

"ಏನಂದ್ರಿ?"

"ಈ ಜಿಲ್ಲೇಲಿ ಬಿಳಿ ಹೂ ಬೆಳೆಯೋದ್ರಲ್ಲಿ ಅವಳನ್ನ ಮೀರಿಸೋರಿಲ್ಲ. ಅವಳಿಗೋಸ್ಕರ ಅಂದೆ."

ಅವಳು ಎದ್ದು ನಿಂತಳು. ಕಣ್ಣೊರೆಸಿಕೊಂಡು, ಗಲ್ಲ ಎತ್ತಿ ನಕ್ಕಳು.

"ಹಂಗಾದ್ರೆ ಅಮ್ಮನ್ನ ಕರ್ಕಂಡು ಬನ್ನಿ. ಮೊದಲು ನನ್ನ ತೋಟ ನೋಡಲಿ. ಆಮೇಲೆ ನನ್ನ."

"ಮತ್ತೆ ನಾನು ನೋಡೋದು?"

"ನೀವು ಆಗಲೇ ನೋಡಿದ್ದೀರಲ್ಲ... ನಾನೂ ನಿಮ್ಮನ್ನ ನೋಡಾಯ್ತು."