ಮೇಷ್ಟ್ರ ಮೀಸೆ

"ಏನ್ ಮೇಷ್ಟ್ರೇ, ನನ್ ತಂಗಿಗೆ ಕಿವಿ ಕೇಳಲ್ಲ ಅಂದ್ರೆ ಬುದ್ಧೀನೂ ಇಲ್ಲ ಅನ್ಕಂಡ್ರಾ?"

ಹುಲ್ಲಹಳ್ಳಿ ಶಾಲೆಯ ಬಾಗಿಲಲ್ಲಿ ನಿಂತು ಪುಟ್ಟಲಕ್ಷ್ಮಿ ಗುಡುಗಿದಳು. ಅವಳ ಸೆರಗಿನ ಮರೆಯಲ್ಲಿ ಎಂಟು ವರ್ಷದ ದೇವೀರಿ ಬಿಕ್ಕುತ್ತಿದ್ದಳು. ಐದನೇ ವಯಸ್ಸಿನಲ್ಲಿ ಬಂದ ಜ್ವರ ಎರಡೂ ಕಿವಿಯನ್ನು ಕಿತ್ತುಕೊಂಡಿತ್ತು, ಪಾಪ!

ಹೊಸದಾಗಿ ಬಂದಿದ್ದ ಕರಿಯಪ್ಪ ಮೇಷ್ಟ್ರು ಪೊದೆ ಮೀಸೆಯೊಳಗೇ ತಡವರಿಸಿದರು. "ಬೈದಿಲ್ಲ ಕಣಮ್ಮ... ನಾನು ಹೇಳಿದ್ದು ಒಂದೂ ಅವಳಿಗೆ ತಿಳೀತಿಲ್ಲ."

"ನಾನ್ ಯೋಳಿದ್ದು ತಿಳೀತದಲ್ಲ! ಯುಗಾದಿ ಒಳಗೆ ಓದು ಹತ್ತದಿದ್ರೆ ಸ್ಕೂಲ್ ಬುಡುಸ್ತೀನಿ ಅಂತವ್ರೆ ನಮ್ಮಪ್ಪ. ಇವಳು ನಾಕಕ್ಷರ ಕಲಿಯೋಗಂಟ ನಾನು ಮದ್ವೇನೂ ಆಗಲ್ಲ, ತಿಳ್ಕಳಿ!"

ಅಷ್ಟಂದವಳೇ ತಂಗಿಯ ಗಲ್ಲ ಹಿಡಿದೆತ್ತಿ, "ಅಳಬ್ಯಾಡ ಕಂದ, ಓಗು ಕೂತ್ಕೋ" ಎಂದಳು. ದೇವೀರಿ ಅಕ್ಕನ ತುಟಿಯನ್ನೇ ನೋಡಿ, ಕಣ್ಣೊರೆಸಿಕೊಂಡು ಹೋಗಿ ಕೂತಳು. ಮೇಷ್ಟ್ರು ನೋಡುತ್ತಲೇ ನಿಂತಿದ್ದರು.

ಸೋಮವಾರ ಊರಿಗೂರೇ ಗುಲ್ಲು. ಮೇಷ್ಟ್ರ ಮೀಸೆ ಇಲ್ಲ! ಅಪ್ಪ ಬದುಕಿರುವಾಗ ಮೀಸೆ ತೆಗೆಯುವವರುಂಟೇ? ಅಂದರೆ... ಅವರಪ್ಪ ಹೋಗಿಬಿಟ್ಟರು!

ಸುದ್ದಿ ಕೇಳಿದ ಪುಟ್ಟಲಕ್ಷ್ಮಿ ಕೈಲಿದ್ದ ಪೊರಕೆ ಬಿಸಾಕಿದಳು. 'ಅಯ್ಯೋ, ಅಂಥವರನ್ನ ಬಾಯಿಗೆ ಬಂದಂಗೆ ಅಂದ್ನಲ್ಲಾ...' ಶಾಲೆಗೆ ಓಡಿದಳು.

"ತಪ್ಪಾಯ್ತು ಸಾ... ನಿಮ್ಮಪ್ಪ ಯಾವಾಗ ತೀರ್ಕಂಡ್ರು?"

"ನಮ್ಮಪ್ಪನಾ? ನಮ್ಮೂರಲ್ಲಿ ಎಮ್ಮೆ ಮೇಯಿಸ್ತಾವ್ರಲ್ಲಮ್ಮ!"

"ಮತ್ತೆ... ಮೀಸೆ?"

ಮೇಷ್ಟ್ರ ಮುಖ ಕೆಂಪಾಯಿತು. "ಅವತ್ತು ನೋಡ್ದೆ. ದೇವೀರಿ ತುಟಿ ನೋಡಿ ಮಾತು ಹಿಡೀತಾಳೆ. ನನ್ ತುಟಿ ಕಂಡ್ರೆ ತಾನೇ? ಊರಿಗೆ ಹೋಗಿ ಅಪ್ಪನ್ನ ಕೇಳ್ದೆ. 'ಮಗು ಕಲೀತದೆ ಅಂದ್ರೆ ತೆಗ್ಸಾಕ್ಲಾ, ಅಷ್ಟಕ್ಕೆಲ್ಲ ನಾನ್ ಸಾಯಾಕಿಲ್ಲ' ಅಂದ್ರು."

ಅವರು ದೇವೀರಿಯ ಎದುರು ಕೂತು ಬಾಯಿ ತೆರೆದು ತೋರಿಸಿದರು. "ಅ..." ದೇವೀರಿ ಸ್ಲೇಟಿನ ಮೇಲೆ ಸೊಟ್ಟಗೆ ಒಂದು ಅ ಬರೆದಳು.

ಪುಟ್ಟಲಕ್ಷ್ಮಿ ಅಲ್ಲೇ ಅತ್ತುಬಿಟ್ಟಳು. ಅವತ್ತೇ ಅವಳ ಮನಸ್ಸು ಮೇಷ್ಟ್ರ ಮೇಲೆ ಹೋಯಿತು. ಆದರೆ ಹೇಳುವುದು ಹೇಗೆ?

ಯುಗಾದಿ ದಿನ ದೇವೀರಿ ಅಪ್ಪನೆದುರು ಒಂದಿಡೀ ಪಾಠ ಓದಿದಳು. ಇನ್ನು ಬಿಡಿಸುವ ಮಾತೇ ಇಲ್ಲ!

ಹಬ್ಬ ಕಳೆದು ಅಕ್ಕತಂಗಿ ಶಾಲೆಗೆ ಬಂದಾಗ ಮೇಷ್ಟ್ರಿಗೆ ಪುಟ್ಟಲಕ್ಷ್ಮಿಯತ್ತ ತಲೆಯೆತ್ತುವ ಧೈರ್ಯವಿಲ್ಲ. ದೇವೀರಿಯತ್ತ ತಿರುಗಿ, ದನಿಯಿಲ್ಲದೆ ತುಟಿಯಾಡಿಸಿದರು.

ತನ್ನ ದನಿ ಎಷ್ಟು ಜೋರೆಂದು ದೇವೀರಿಗೇನು ಗೊತ್ತು?

"ಅಕ್ಕಾ! ಮೇಷ್ಟ್ರು ನಿನ್ನ ಮದ್ವೆ ಆಯ್ತಾರಂತೇ!"

ಮಕ್ಕಳೆಲ್ಲ ಹೋ ಎಂದು ನಕ್ಕರು. ಪುಟ್ಟಲಕ್ಷ್ಮಿಗೆ ನಾಚಿಕೆಯಿಂದ ಜೀವ ಹಿಡಿಯಾಯಿತು.

"ಮದ್ವೆಗಾದ್ರೂ... ಮೀಸೆ ಬುಡ್ತೀರಾ ಸಾ?"

"ಇಲ್ಲ ಪುಟ್ಟಲಕ್ಷ್ಮಿ. ಮದ್ವೆ ಆದ್ಮೇಲೆ ದೇವೀರೀನೂ ನಮ್ಮನೇಲೇ ಇದ್ದು ಓದ್ಲಿ... ಅವಳ್ ಜೊತೆ ಮಾತಾಡೋದ್ ಬ್ಯಾಡ್ವಾ?"

ಪುಟ್ಟಲಕ್ಷ್ಮಿ ತಂಗಿಯತ್ತ ತಿರುಗಿ ಬರೀ ತುಟಿಯಾಡಿಸಿದಳು.

"ಒಪ್ಗೇನಂತೆ ಮೇಷ್ಟ್ರೇ!" ಎಂದು ದೇವೀರಿ ಊರಿಗೆಲ್ಲ ಕೇಳುವಂತೆ ಕೂಗಿದಳು.