ನಡುವಿನ ವಾಲ್ವ್‌ನ ಕುಂಕುಮ

ಮೇಲೆ ಕಂಪ್ಯೂಟರ್ ಒಡೀತಿದ್ರು.

ನಾನು ಸೂರತ್‌ನ ಸೀರೆ ಮಾರ್ಕೆಟ್ಟಿನ ನಾಲ್ಕನೇ ಮಹಡಿಯಿಂದ ಮೆಟ್ಟಿಲು ಇಳೀತಿದ್ದೆ. ವಯಸ್ಸು ಐವತ್ಮೂರು. ಎಡಗಾಲಿಗೆ ಮಂಡಿ ನೋವು. ಹೆಗಲ ಬ್ಯಾಗಲ್ಲಿ ಒಂದು ಪೆನ್‌ಡ್ರೈವ್. ಅದರಲ್ಲಿ ಒಂದೇ ಫೋಟೋ, ಎರಡು ಸಲ. ಎಡಿಟ್ ಮಾಡೋಕೆ ಮುಂಚಿನದು... ಮಾಡಿದ ಮೇಲಿನದು.

"ಏ ಬೆಹೆನ್! ರುಕೋ!"

ನಿಲ್ಲೋಕೆ ನನಗೇನು ಹುಚ್ಚಾ?

ಎರಡನೇ ಮಹಡಿಯಲ್ಲಿ ಕೂಲಿಯವರು ಸೀರೆ ಗಂಟು ಹೊತ್ಕೊಂಡು ಸಾಲಾಗಿ ಇಳೀತಿದ್ರು. ಅವರ ನಡುವೆ ನುಗ್ಗಿದೆ. ಅಟ್ಟಿಸಿಕೊಂಡು ಬಂದವನಿಗೆ ಗಂಟು ಅಡ್ಡ ಬಿತ್ತು. ಅವನು ತಳ್ಳಿದ, ಅವರು ಬೈದರು. ಯಾವ ಭಾಷೆಯ ಬೈಗುಳವೋ, ಕಿವಿಗೆ ಹಿತವಾಗಿತ್ತು. ಕೆಳಗಿಳಿದವಳೇ ಆಟೋ ಹತ್ತಿದೆ. ಸ್ಟೇಷನ್ ಅಂದೆ. ಗಂಟೆ ಹನ್ನೊಂದೂವರೆ. ಮೂರಕ್ಕೆ ವಡೋದರಾದಲ್ಲಿ ವಿಚಾರಣೆ. ಅಹಮದಾಬಾದಿನಿಂದ ಬಂದ ಸರ್ಕಾರಿ ಅಧಿಕಾರಿ ಐದರ ಟ್ರೇನಿಗೆ ವಾಪಸ್. ಅಷ್ಟರೊಳಗೆ ತೋರಿಸದಿದ್ರೆ ಒಬ್ಬ ನಿರಪರಾಧಿ ಆಸ್ಪತ್ರೆಯಿಂದ ನೇರ ಜೈಲಿಗೆ.

ನಾನು ಯಾರು ಅಂತೀರಾ? ನಳಿನಿ. ಊರು ಹಾಸನ. ಇನ್ಶೂರೆನ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ಕ್ಲೈಮ್ ತನಿಖೆ ಮಾಡಿದವಳು. ಸುಟ್ಟ ಗೋಡೌನು, ಮುಳುಗಿದ ಕಾರು, ಸಾಯದೇ ಸತ್ತವರು... ಎಲ್ಲರ ಫೋಟೋನೂ ನೋಡಿದೀನಿ. ಈಗ ಸ್ವಂತ ಕೆಲಸ. ಒಂದು ಕಡೆ ಕೂರೋಕೆ ಬರಲ್ಲ ನನಗೆ. ಅದೇ ನನ್ನ ಕ್ವಾಲಿಫಿಕೇಶನ್.

ವಿಷಯ ಕೇಳಿ. ವಡೋದರಾದಲ್ಲಿ ನಾನಿರೋ ಮಾಂಜಲ್‌ಪುರದಲ್ಲಿ ಸುಮಿತ್ರಾ ಅಂತ ಒಬ್ಬಳಿದಾಳೆ. ಅವಳ ಗಂಡ ರಾಘವೇಂದ್ರ ಒಂದು ಕೆಮಿಕಲ್ ಕಂಪನಿಯಲ್ಲಿ ಆಪರೇಟರ್. ಕಂಪನಿ ಹೆಸರು ಬೇಡ, ನಿಮಗೂ ತಲೆನೋವು. ವಿಜಯದಶಮಿ ಬೆಳಿಗ್ಗೆ ಪೈಪ್ ರಿಪೇರಿ ಮಾಡುವಾಗ ಬಿಸಿ ಆಸಿಡ್ ಚಿಮ್ಮಿತು. ಫಿಟ್ಟರ್ ಹರಿಪ್ರಸಾದ ಅಲ್ಲೇ ಸತ್ತ. ರಾಘವೇಂದ್ರನ ಎರಡೂ ಕೈ ಸುಟ್ಟು ಹೋಯ್ತು.

ನಿಯಮ ಏನಪ್ಪಾ ಅಂದ್ರೆ, ರಿಪೇರಿಗೆ ಮುಂಚೆ ಆ ಲೈನಿನ ವಾಲ್ವ್ ಮುಚ್ಚಿ ಕೆಂಪು ಬೀಗ ಹಾಕಬೇಕು. ಹಾಕಿದ್ದೆ ಅಂತಾನೆ ರಾಘವೇಂದ್ರ. ಬೀಗ ಇತ್ತು ಅಂದ್ರೆ ವಾಲ್ವೇ ಒಳಗೆ ಕೊಳೆತಿತ್ತು ಅಂತ ಅರ್ಥ, ತಪ್ಪು ಕಂಪನಿಯದು. ಬೀಗ ಇರಲಿಲ್ಲ ಅಂದ್ರೆ ಒಂದು ಸಾವು ಇವನ ತಲೆ ಮೇಲೆ.

ಅಪಘಾತ ಆದ ಹತ್ತೇ ನಿಮಿಷಕ್ಕೆ ಸೇಫ್ಟಿ ಆಫೀಸರ್ ಒಂದು ಫೋಟೋ ತೆಗೆದಿದ್ದ. ಮೂರು ವಾಲ್ವ್, ಮೂರು ಚಕ್ರ. ನಡುವಿನದಕ್ಕೆ ಬೀಗ ಇಲ್ಲ. ವಾಲ್ವನ್ನೇ ಬಿಚ್ಚಿ, ತೊಳೆದು, ಗುಜರಿಗೆ ಹಾಕಿ ಆಗಿತ್ತು. ಉಳಿದದ್ದು ಫೋಟೋ ಒಂದೇ.

ಆ ಸೇಫ್ಟಿ ಆಫೀಸರ್ ಯಾರು ಗೊತ್ತಾ? ಪಾಂಡುರಂಗ. ನಮ್ಮವನೇ. ಕನ್ನಡ ಸಂಘದಲ್ಲಿ ಪ್ರತಿ ವರ್ಷ ಕೋಸಂಬರಿ ಬಡಿಸೋನು.

ಸುಮಿತ್ರಾ ನನ್ನ ಹತ್ತಿರ ಬಂದಳು. ಕೇಸಿನ ಕಾಗದದ ಜೊತೆಗಿದ್ದ ಆ ಫೋಟೋ ಮೇಲೆ ಭೂತಗನ್ನಡಿ ಇಟ್ಟೆ. ಮೂರು ಚಕ್ರಕ್ಕೂ ಕುಂಕುಮ ಇತ್ತು. ಹಿಂದಿನ ದಿನ ನವಮಿ, ನಮ್ಮವರ ಆಯುಧಪೂಜೆ. ಇಲ್ಲಿನವರು ಮಾಡೋದು ಮಾರನೇ ದಿನ, ರಾಘವೇಂದ್ರ ಮಾಡೋದು ನವಮಿಗೇ. ಮೊದಲನೇ ಚಕ್ರದ ಬೊಟ್ಟು ಎಣ್ಣೆಗೆ ಕರಗಿ ಎಡಕ್ಕೆ ಒಂದು ಬಾಲ ಬಿಟ್ಟಿತ್ತು. ಎರಡನೇ ಚಕ್ರಕ್ಕೂ ಅದೇ ಬೊಟ್ಟು. ಅದೇ ಬಾಲ. ತುದಿಯಲ್ಲಿ ಅದೇ ಕೊಂಕು.

ಮನುಷ್ಯನ ಬೆರಳು ಹಾಗೆ ಎರಡು ಸಲ ಇಡಲ್ಲ. ಮೊದಲನೇ ಚಕ್ರವನ್ನ ಕಾಪಿ ಮಾಡಿ ಎರಡನೆಯದರ ಮೇಲೆ ಕೂರಿಸಿದ್ರು. ಕೆಳಗೆ ಮುಚ್ಚಿಹೋಗಿದ್ದು ಬೀಗ.

ಈ ಥರ ಕೆಲಸ ನಾನು ನೋಡಿದ್ದೆ. ಪಾಂಡುರಂಗನ ಹೆಂಡತಿದು ವಡೋದರಾದ ಅಲ್ಕಾಪುರಿಯಲ್ಲಿ ಸೀರೆ ಅಂಗಡಿ. ವಾಟ್ಸ್ಯಾಪ್‌ನಲ್ಲಿ ಕ್ಯಾಟಲಾಗ್ ಕಳಿಸ್ತಾಳೆ. ಅದೇ ಹುಡುಗಿ, ಅದೇ ನಗು, ಅದೇ ನೆರಿಗೆ... ಹನ್ನೆರಡು ಬಣ್ಣದಲ್ಲಿ ಸೀರೆ! ಎಲ್ಲಿ ಮಾಡಿಸ್ತೀರಿ ಅಂತ ಅವಳ ಅಂಗಡಿ ಹುಡುಗಿಯನ್ನೇ ಕೇಳಿದೆ. ಸೂರತ್‌ನ ಭಾವಿನ್ ಅಂದಳು.

ಬೆಳಿಗ್ಗೆ ಹನ್ನೊಂದಕ್ಕೆ ಭಾವಿನ್ ಎದುರು ನಿಂತಿದ್ದೆ. ಸಣಕಲು ಆಸಾಮಿ, ಪಾಪದವನು. ಫೋಟೋ ನೋಡಿದ ಕೂಡಲೇ ಬೆವೆತ. ಒಬ್ಬ ಮನುಷ್ಯ ಸತ್ತಿದಾನೆ ಅಂದೆ. ತನಗೆ ಗೊತ್ತಿರಲಿಲ್ಲ, ಪೋಸ್ಟರ್‌ಗೆ ಅಂದಿದ್ರು ಅಂತ ಅಳೋಕೇ ಶುರು ಮಾಡಿದ. ಕ್ಯಾಟಲಾಗ್‌ನವರು ಅಸಲು ಫೋಟೋ ಎಸೆಯಲ್ಲ, ಗಿರಾಕಿ ಯಾವಾಗ ಹಳೇ ಬಣ್ಣವೇ ಬೇಕು ಅಂತಾರೋ ಹೇಳೋಕಾಗಲ್ಲ. ಎರಡನ್ನೂ ಸ್ಕ್ರೀನಿನ ಮೇಲೆ ಅಕ್ಕಪಕ್ಕ ಇಟ್ಟ. ಎಡಗಡೆ ಬೀಗ, ಕೆಂಪಗೆ, ಕಣ್ಣಿಗೆ ಹೊಡೆಯೋ ಹಾಗೆ, ನಾನು ಬೇರೇನೂ ನೋಡಲಿಲ್ಲ. ಬಲಗಡೆ ಇಲ್ಲ. ಪೆನ್‌ಡ್ರೈವ್‌ಗೆ ಹಾಕಿಕೊಟ್ಟ, ನಾನು ಮೊಬೈಲಲ್ಲೂ ಒಂದು ಫೋಟೋ ಹೊಡ್ಕೊಂಡೆ.

ಅವನು ಮಾಡಿದ ತಪ್ಪು ಒಂದೇ. ಗಿರಾಕಿಯನ್ನ ಕೇಳದೆ ಅಸಲು ಫೋಟೋ ಯಾರಿಗೂ ಕೊಡಬಾರದು ಅನ್ನೋದು ಅವರ ಪದ್ಧತಿ. ಕಣ್ಣು ತೊಳ್ಕೊಂಡು ಬರ್ತೀನಿ ಅಂತ ಒಳಗೆ ಹೋದವನು ಅಲ್ಕಾಪುರಿಗೆ ಫೋನ್ ಮಾಡಿ ಪರ್ಮಿಷನ್ ಕೇಳಿದ್ದ! ಅರ್ಧ ಗಂಟೆಯಲ್ಲಿ ಪಾಂಡುರಂಗ ಕಳಿಸಿದ ಇಬ್ಬರು ಬಂದ್ರು, ಒಬ್ಬ ಭಾವಿನ್ ಮೇಲೆ ಬಿದ್ದ, ಇನ್ನೊಬ್ಬ ನನ್ನ ಹಿಂದೆ. ಆಮೇಲಿನದು ನಿಮಗೆ ಗೊತ್ತು.

ಟ್ರೇನಲ್ಲಿ ಸೀಟಿತ್ತು. ನಾನು ಕೂರಲಿಲ್ಲ. ಬಾಗಿಲ ಹತ್ತಿರವೇ ಆ ಕಡೆ ಈ ಕಡೆ ಓಡಾಡ್ತಿದ್ದೆ. ಅಂಕ್ಲೇಶ್ವರ ದಾಟ್ತಿದ್ದ ಹಾಗೆ ಫೋನ್ ಬಂತು.

"ನಳಿನಿ ಮೇಡಂ, ಪಾಂಡುರಂಗ. ಊಟ ಆಯ್ತಾ?"

"ವಿಷಯ ಹೇಳಿ."

"ರಾಘವೇಂದ್ರನ ಆಸ್ಪತ್ರೆ ಖರ್ಚು ಕಂಪನಿದು. ನೀವು ವಿಚಾರಣೆಗೆ ಬಂದ್ರೆ ಸಂಜೆಗೇ ಡಿಸ್ಚಾರ್ಜ್. ಆ ಕೈಗಳ ಗತಿ ಯೋಚನೆ ಮಾಡಿ."

"ನಿಮ್ಮ ಕೈಯಿಂದ ಕೋಸಂಬರಿ ತಿಂದಿದೀನಲ್ಲ ರೀ... ಥೂ!"

ಕಟ್ ಮಾಡಿ ಫೋನನ್ನ ಸಿಟ್ಟಲ್ಲಿ ಬ್ಯಾಗಿಗೆ ಎಸೆದೆ. ನನ್ನ ಸಿಟ್ಟು ನನ್ನ ಶತ್ರು, ಅಮ್ಮ ಹೇಳ್ತಾನೇ ಇದ್ದಳು.

ನರ್ಮದೆಯ ಸೇತುವೆ ಬಂತು. ಬಾಗಿಲಿಗೆ ಗಾಳಿ ಬಡೀತಿತ್ತು. ಹಿಂದೆ ಯಾರೋ ನಿಂತ ಹಾಗಾಯ್ತು. ತಿರುಗೋದರೊಳಗೆ ಹೆಗಲು ಜಗ್ಗಿತು. ಮೆಟ್ಟಿಲ ಮೇಲೆ ಕೂಗಿದವನೇ! ಕೈಯಲ್ಲಿದ್ದ ಸ್ಟೀಲ್ ಬಾಟಲಿಯಿಂದ ಮುಖಕ್ಕೆ ಬಾರಿಸಿದೆ. ಮೂಗಲ್ಲಿ ರಕ್ತ ಬಂತು, ಹಿಡಿತ ಬಿಡಲಿಲ್ಲ. ಬ್ಯಾಗಿನ ಪಟ್ಟಿ ಕಿತ್ತು ಬಂತು. ಅವನು ನೋಡಲೂ ಇಲ್ಲ, ಹಾಗೇ ಹೊರಗೆ ಎಸೆದ.

ಪೆನ್‌ಡ್ರೈವ್, ಫೋನು, ಓದೋ ಕನ್ನಡಕ... ಎಲ್ಲಾ ನರ್ಮದೆಗೆ.

ಭರೂಚ್‌ನಲ್ಲಿ ಟ್ರೇನ್ ನಿಧಾನ ಆಗ್ತಿದ್ದ ಹಾಗೆ ಅವನು ಹಾರಿಕೊಂಡ. ನಾನು ಟ್ರೇನಲ್ಲಿ ಮೊದಲ ಸಲ ಕೂತೆ. ಅಳು ಬಂತು ಅಂತ ಹೇಳೋಕೆ ನನಗೇನೂ ನಾಚಿಕೆ ಇಲ್ಲ.

ಎರಡು ಐವತ್ತಕ್ಕೆ ಅಲ್ಕಾಪುರಿ ತಲುಪಿದೆ. ವಿಚಾರಣೆ ಅಲ್ಲೇ ಒಂದು ಹೋಟೆಲಿನ ಮೀಟಿಂಗ್ ರೂಮಲ್ಲಿ. ಹೊರಗೆ ಸುಮಿತ್ರಾ ನಿಂತಿದ್ದಳು.

"ಸಿಕ್ತಾ ನಳಿನಕ್ಕ?"

ಸಿಕ್ಕಿತ್ತು, ಹೋಯ್ತು ಅಂದೆ. ಈಗ ನನ್ನ ಹತ್ತಿರ ಇರೋದು ಎರಡು ಕುಂಕುಮದ ಬೊಟ್ಟು ಮಾತ್ರ, ಎರಡೂ ಒಂದೇ ಥರ ಇವೆ, ಅಧಿಕಾರಿ ಇದನ್ನ ನಂಬ್ತಾರೋ ಇಲ್ವೋ ಅಂದೆ.

ಅವಳ ಮುಖ ಬಿಳಿಚಿತು.

"ಒಂದೇ ಥರಾನಾ? ಇಲ್ಲ ಅಕ್ಕ. ನಡುವಿನದಕ್ಕೆ ಮೂರು ಬೊಟ್ಟು ಇಟ್ಟಿದ್ರು."

"ನಿನಗೆ ಹೇಗೆ ಗೊತ್ತು?"

ಅವಳು ತಲೆ ತಗ್ಗಿಸಿದಳು. ಪ್ಲಾಂಟ್ ಒಳಗೆ ಫೋನ್ ನಿಷಿದ್ಧ, ಸಿಕ್ಕಿಬಿದ್ರೆ ಅವತ್ತೇ ಕೆಲಸ ಹೋಗುತ್ತೆ. ಆದ್ರೂ ವರ್ಷಕ್ಕೊಂದು ಸಲ, ನವಮಿ ದಿನ, ರಾಘವೇಂದ್ರ ಕದ್ದು ಒಯ್ತಿದ್ದ. ಕುಂಕುಮದ ಭರಣಿ ಕಟ್ಟಿಕೊಡೋಳು ಸುಮಿತ್ರಾ. ಪೂಜೆ ಮಾಡಿದ ಮೆಷಿನ್ನಿನ ಫೋಟೋ ಅವಳಿಗೆ ಕಳಿಸಲೇಬೇಕು. ಈ ತಪ್ಪಿಗೂ ಕೇಸ್ ಹಾಕ್ತಾರೆ ಅಂತ ಹೆದರಿ ಬಾಯಿ ಮುಚ್ಚಿಕೊಂಡಿದ್ದಳು. ನಾನು ಎರಡು ವಾರದಿಂದ ಊರೂರು ಸುತ್ತಿದ್ದೆ, ಇವಳ ಫೋನಲ್ಲಿ ಇದು ಬೆಚ್ಚಗೆ ಮಲಗಿತ್ತು. ಕೆನ್ನೆಗೆ ಕೊಡೋಣ ಅನ್ನಿಸ್ತು, ತಬ್ಬಿಕೊಂಡೆ.

ಒಳಗೆ ಪಾಂಡುರಂಗ ಇಸ್ತ್ರಿ ಶರ್ಟ್ ಹಾಕ್ಕೊಂಡು ಕೂತಿದ್ದ. ನನ್ನ ಖಾಲಿ ಹೆಗಲು ನೋಡಿ ಮುಗುಳ್ನಕ್ಕ.

ನಾನು ಅಧಿಕಾರಿಗೆ ಅವರ ಫೈಲಲ್ಲಿದ್ದ ಕಂಪನಿಯ ಫೋಟೋನೇ ತೋರಿಸಿದೆ. ಈ ಕೆಂಪು ಏನು ಅಂತ ಪಾಂಡುರಂಗರನ್ನ ಕೇಳಿ ಅಂದೆ. ಅವನು ಸಲೀಸಾಗಿ ವಿವರಿಸಿದ. ಕುಂಕುಮ ಸರ್, ನಮ್ಮ ಕಡೆ ನವಮಿಗೆ ಹಚ್ತೀವಿ, ಆಪರೇಟರ್ ಹಿಂದಿನ ದಿನ ಹಚ್ಚಿದ್ದು, ಯಾರೂ ಒರೆಸಿಲ್ಲ.

"ಯಾರೂ ಒರೆಸಿಲ್ಲ ತಾನೇ?" ಅಂದೆ.

"ಕುಂಕುಮ ಯಾರಾದ್ರೂ ಒರೆಸ್ತಾರಾ ಮೇಡಂ?"

ಆಗ ಸುಮಿತ್ರಾಳ ಫೋನನ್ನ ಅದರ ಪಕ್ಕ ಇಟ್ಟೆ. ಅದೇ ಮೂರು ಚಕ್ರ. ನವಮಿ, ಸಂಜೆ ನಾಲ್ಕೂ ಹತ್ತು. ಮೊದಲನೆಯದಕ್ಕೆ ಒಂದು ಬೊಟ್ಟು, ಎಡಕ್ಕೆ ಬಾಲ. ನಡುವಿನದಕ್ಕೆ ಮೂರು ಬೊಟ್ಟು, ಗಟ್ಟಿಯಾಗಿ, ಒತ್ತಿ ಇಟ್ಟದ್ದು. ಕಂಪನಿ ಫೋಟೋದಲ್ಲಿ ಆ ಮೂರು ಎಲ್ಲಿ ಹೋದ್ವು? ಮೊದಲನೆಯದರ ಬಾಲ ಇಲ್ಲಿಗೆ ಹೇಗೆ ಬಂತು?

ಅಧಿಕಾರಿ ಕನ್ನಡಕ ಏರಿಸಿಕೊಂಡು ಎರಡನ್ನೂ ನೋಡಿದರು. ಒಂದು ನಿಮಿಷ... ಎರಡು ನಿಮಿಷ. ಆಮೇಲೆ ಫೋಟೋ ಕೆಳಗೆ ಬರೆದಿರೋದು ಏನು ಅಂತ ಕೇಳಿದರು. ಸುಮಿತ್ರಾ ಹಿಂದಿಯಲ್ಲಿ ಓದಿ ಹೇಳಿದಳು. ರಾಘವೇಂದ್ರ ಬರೆದದ್ದು ಇಷ್ಟು.

"ನಡುವಿನದು ಸೋರ್ತಿದೆ ಸುಮಿ. ಮೂರು ಸಲ ಬರೆದುಕೊಟ್ಟೆ, ಬದಲಾಯಿಸಿಲ್ಲ. ಅದಕ್ಕೇ ಮೂರು ಬೊಟ್ಟು ಇಟ್ಟಿದೀನಿ."

ಅಧಿಕಾರಿ ಪೆನ್ ತೆಗೆದು ಅದನ್ನ ಬರೆದುಕೊಂಡರು.

ಎಡಿಟ್ ಮಾಡಿಸಿದವನು ಯಾರೋ ಗುಜರಾತಿ ಮ್ಯಾನೇಜರ್ ಆಗಿದ್ರೆ, ಈ ಕೆಂಪು ಎರಡು ಕಡೆ ಒಂದೇ ಥರ ಯಾಕೆ ಅಂತ ಒಂದು ಸಲ ಕೇಳ್ತಿದ್ದ. ಪಾಂಡುರಂಗನಿಗೆ ಹುಟ್ಟಿದಾಗಿಂದ ಮೆಷಿನ್ ಅಂದ್ರೆ ಕುಂಕುಮ ಇರೋದೇ. ನೋಡಿದ್ರೂ ಅವನಿಗೆ ಕಾಣಲಿಲ್ಲ.

ಅಧಿಕಾರಿ ಅವತ್ತು ಐದರ ಟ್ರೇನಿಗೆ ಹೋಗಲಿಲ್ಲ. ಪ್ಲಾಂಟಿಗೆ ಹೋಗಿ ಸೀಲ್ ಮಾಡಿದರು. ಭಾವಿನ್ ತಲೆಗೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ಬಂದು ಹೇಳಿಕೆ ಕೊಟ್ಟ. ಪಾಂಡುರಂಗ ಈಗ ಜಾಮೀನಿಗೆ ಓಡಾಡ್ತಿದಾನೆ. ರಾಘವೇಂದ್ರನನ್ನ ಡಿಸ್ಚಾರ್ಜ್ ಮಾಡಿಸೋ ಧೈರ್ಯ ಕಂಪನಿಗೆ ಬರಲಿಲ್ಲ.

ಆಸ್ಪತ್ರೆಗೆ ಹೋದಾಗ ರಾಘವೇಂದ್ರ ಮೊದಲು ಕೇಳಿದ್ದು ಒಂದೇ ಮಾತು.

"ನಾನು ಬೀಗ ಹಾಕಿದ್ದೆ ಅಂತ ಹರಿಪ್ರಸಾದನ ಮನೆಯವರಿಗೆ ಗೊತ್ತಾಯ್ತಾ ಮೇಡಂ?"

ಗೊತ್ತಾಯ್ತು ಕಣಪ್ಪ ಅಂದೆ. ಎರಡೂ ಕೈಗೆ ಬ್ಯಾಂಡೇಜು, ಕಣ್ಣು ಒರೆಸಿಕೊಳ್ಳೋಕೂ ಆಗ್ತಿರಲಿಲ್ಲ. ಸುಮಿತ್ರಾ ಸೆರಗಿಂದ ಒರೆಸಿದಳು.

ಮೊನ್ನೆ ಕಂಪನಿಯಿಂದ ಒಂದು ಮೇಲ್ ಬಂತು. ವಾಲ್ವ್ ಹೊಸದು ಹಾಕಿದೀವಿ, ಫೋಟೋ ಲಗತ್ತಿಸಿದೆ ಅಂತ.

ನಾನು ಸ್ಕೂಟರ್ ತಗೊಂಡು ಹೋಗಿ, ಮುಟ್ಟಿ ನೋಡಿಕೊಂಡು ಬಂದೆ.