ಮೊಣಕಾಲು ಸವೆಸಿದ ಬಣ್ಣ

"ಕಿಕ್ಕರ್ ಎಲ್ಲೈತ್ರಿ, ಮೇಡಂ?"

ಶಾಂಭವಿಯ ಕೈ ಹೊಸ ಬೈಕಿನ ಮೇಲಿಂದ ಅರ್ಧ ಎಳೆದ ಪರದೆಯ ಮೇಲೆಯೇ ನಿಂತುಬಿಟ್ಟಿತು.

ಕೊಪ್ಪಳದ ಹೊಸಪೇಟೆ ರಸ್ತೆಯ ಆ ಶೋರೂಮಿನಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಶರಭ ಮೋಟಾರ್ಸ್ ಕಂಪನಿಗೆ ಐವತ್ತು ವರ್ಷ ತುಂಬಿತ್ತು. ಆ ನೆನಪಿಗೆ ತಂದ ವಿಶೇಷ ಬೈಕನ್ನು ಹಳೆಯ ಗಿರಾಕಿಗಳಿಗೆ ಮೊದಲು ತೋರಿಸಬೇಕೆಂದು ಎಲ್ಲರನ್ನೂ ಕರೆಸಿದ್ದರು. ಬಂಗಾರದ ಬಣ್ಣದ ಲಾಂಛನ, ಟ್ಯಾಂಕಿನ ಮೇಲೆ ದೊಡ್ಡದಾಗಿ ಐವತ್ತು ಎಂಬ ಅಂಕಿ, ಹೊಲಿಗೆ ಹಾಕಿದ ಕಂದು ಸೀಟು... ಇಷ್ಟನ್ನೂ ಶಾಂಭವಿ ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಈ ಮನುಷ್ಯ ನೋಡಿದರೆ ಅದನ್ನೆಲ್ಲ ಕೇಳುವ ಗೋಜಿಗೇ ಹೋಗದೆ, ನೆಲಕ್ಕೆ ಮೊಣಕಾಲೂರಿ ಗಾಡಿಯ ಪಕ್ಕೆಯಲ್ಲಿ ಏನನ್ನೋ ಹುಡುಕುತ್ತಿದ್ದ.

"ಕಿಕ್ಕರ್ ಇಲ್ರಿ ಸರ್. ಬಟನ್ ಒತ್ತಿದ್ರ ಸಾಕು," ಎಂದಳು.

"ಹೊಲದ ದಾರ್ಯಾಗ ಬ್ಯಾಟರಿ ಸತ್ತರ?"

ಶಾಂಭವಿ ಬಾಯಿಪಾಠದಂತೆ ಬಂಗಾರದ ಲಾಂಛನದತ್ತ ಕೈ ತೋರಿಸಿದಳು.

ಅವನು ಎದ್ದು, ಪ್ಯಾಂಟಿಗೆ ಹತ್ತಿದ ಧೂಳನ್ನು ಕೊಡವಿಕೊಂಡ. "ಹಂಗಾರ ಐವತ್ತು ವರ್ಷ ತುಂಬಿದ್ದು ಗಾಡಿಗಲ್ರಿ, ಸ್ಟಿಕ್ಕರಿಗೆ," ಎಂದ.

ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಶಾಂಭವಿಯ ಕಿವಿ ಕೆಂಪಾಯಿತು. ಸಿಟ್ಟಿನಲ್ಲಿ ನೀನು ಇನ್ನೂ ಚೆಂದ ಕಾಣುತ್ತೀಯ ಎಂದು ಆಗ ಯಾರಾದರೂ ಹೇಳಿದ್ದರೆ, ಅದೇ ಸ್ಟಿಕ್ಕರನ್ನು ಅವರ ಹಣೆಗೆ ಅಂಟಿಸಿಬಿಡುತ್ತಿದ್ದಳು!

ನಾಲ್ಕು ಮಾತು ಅನ್ನಲೇಬೇಕೆಂದು ಅವನ ಹಿಂದೆಯೇ ಹೊರಗೆ ಬಂದಳು. ಅಲ್ಲಿ ಬೇವಿನ ಮರದ ನೆರಳಿನಲ್ಲಿ ಅವನ ಗಾಡಿ ನಿಂತಿತ್ತು. ಅದೂ ಶರಭವೇ, ಕಂಪನಿ ಮೊಟ್ಟಮೊದಲ ವರ್ಷ ಮಾಡಿದ್ದು. ಅವನು ಒಮ್ಮೆ ಕಿಕ್ ಹೊಡೆದ. ಧಡ್... ಧಡ್... ಧಡ್... ಆ ಸದ್ದು ಅವಳ ಎದೆಯವರೆಗೂ ಬಂತು.

ಕಣ್ಣಿಗೆ ಬಿದ್ದದ್ದು ಟ್ಯಾಂಕು. ಅದರ ಎರಡೂ ಪಕ್ಕದಲ್ಲಿ ಅಂಗೈಯಗಲ ಬಣ್ಣ ಹೋಗಿ ಒಳಗಿನ ತಗಡು ಕಾಣುತ್ತಿತ್ತು.

"ನಮ್ಮ ಹೊಸ ಗಾಡಿಗೆ ಹೆಸರಿಡೋರು, ತಮ್ಮ ಗಾಡಿಗೆ ಒಂಚೂರು ಬಣ್ಣ ಹಚ್ಚಿಸಬಾರದೇನ್ರಿ?" ಎಂದು ಚುಚ್ಚಿದಳು.

ಅವನು ಅವಳನ್ನೇ ಒಂದು ಕ್ಷಣ ನೋಡಿದ. ಆ ತಗಡನ್ನೊಮ್ಮೆ ಅಂಗೈಯಿಂದ ಸವರಿ, ಗಾಡಿ ಹತ್ತಿ ಹೊರಟುಹೋದ.

ಅವನ ಹೆಸರು ಪಂಪಾಪತಿ. ಅಳವಂಡಿಯಲ್ಲಿ ದನದ ಡಾಕ್ಟರ ಕೈಕೆಳಗೆ ಕೆಲಸ, ಸುತ್ತಲಿನ ಹಳ್ಳಿಗಳ ಎಮ್ಮೆ ಆಕಳುಗಳಿಗೆಲ್ಲ ಅವನೇ ಡಾಕ್ಟರು. ಇಷ್ಟು ಶಾಂಭವಿಗೆ ಗೊತ್ತಾದದ್ದು ಮ್ಯಾನೇಜರ್ ಹೊಸ ಕೆಲಸ ಹಚ್ಚಿದಾಗ. ವಿಜಯದಶಮಿಯ ಸಂಜೆ ದೊಡ್ಡ ಸಮಾರಂಭವಿತ್ತು, ಕಂಪನಿಯ ಹಿರಿಯರು ಬರುವವರಿದ್ದರು. ಜಿಲ್ಲೆಯ ಅತಿ ಹಳೆಯ ಶರಭವೂ ಅದರ ಸವಾರನೂ ವೇದಿಕೆಯ ಮೇಲೆ ಇರಬೇಕಿತ್ತು. ಮ್ಯಾನೇಜರ್ ಫೋನ್ ಮಾಡಿದ್ದಕ್ಕೆ ಪಂಪಾಪತಿ ಆಗುವುದಿಲ್ಲ ಎಂದಿದ್ದ. ಹೇಗಾದರೂ ಒಪ್ಪಿಸಿಕೊಂಡು ಬಾ ಎಂದು ಅವಳನ್ನು ಕಳಿಸಿದ.

'ಆ ಸ್ಟಿಕ್ಕರಿನವನ ಮನೆಗೆ ನಾನು ಹೋಗಬೇಕೆ?' ಎಂದು ದಾರಿಯುದ್ದಕ್ಕೂ ಹಲ್ಲು ಕಡಿದಳು. ಆದರೆ ಅಲ್ಲಿ ಅವಳ ಬಾಯಿಂದ ಬಂದದ್ದು ತಾನೇ ಎಣಿಸಿರದ ಮಾತು. ವೇದಿಕೆ ಹಾಳಾಗಲಿ, ನಿಮಗೆ ನಿಜಕ್ಕೂ ಬೇಕಾದದ್ದು ಏನು, ಅದನ್ನಾದರೂ ಹೇಳಿ ಎಂದು ಕೇಳಿದಳು.

ಪಂಪಾಪತಿ ತಬ್ಬಿಬ್ಬಾದ. ಇಷ್ಟು ವರ್ಷದಲ್ಲಿ ಆ ಕಂಪನಿಯವರು ಯಾರೂ ಅವನನ್ನು ಅದನ್ನು ಕೇಳಿರಲಿಲ್ಲ. ಹಳೆಯ ಗಾಡಿಯ ಸಾಮಾನು ಬರುವುದು ನಿಂತುಹೋಗಿದೆ, ಕೊಪ್ಪಳದ ಮೆಕ್ಯಾನಿಕ್ ಮಕ್ಬುಲಸಾಬ ಗುಜರಿಯಲ್ಲಿ ಹುಡುಕಿ ಕ್ಲಚ್ ಪ್ಲೇಟ್ ತಂದು ಹಾಕುತ್ತಾನೆ ಎಂದು ಹೇಳಿದ.

"ಹುಟ್ಟುಹಬ್ಬ ಮಾಡ್ಲಿ, ಬ್ಯಾಡ ಅನ್ನಂಗಿಲ್ರಿ. ಆದ್ರ ಮನ್ಯಾಗಿನ ಮುದುಕಗ ಔಷಧ ಕೊಡದ, ಊರಿಗೆಲ್ಲಾ ಕೇಕ್ ಹಂಚಿದ್ರ ಹೆಂಗ?"

ಆ ದಿನ ಶಾಂಭವಿಗೆ ನಗು ಬಂತು. ಅದರ ಜೊತೆಗೆ ಬೇರೆ ಏನೋ ಬಂತು, ಅದಕ್ಕೆ ಹೆಸರಿಡಲು ಅವಳಿಗೆ ಒಂದು ತಿಂಗಳು ಹಿಡಿಯಿತು.

ಆ ತಿಂಗಳಲ್ಲಿ ಸಮಾರಂಭದ ನೆಪ ಹೇಳಿ ಅವಳು ಅಳವಂಡಿಗೆ ಮತ್ತೆ ಮತ್ತೆ ಹೋದಳು. ಕೊಪ್ಪಳದ ಕೆಲಸದ ನೆಪ ಹೇಳಿ ಅವನು ಶೋರೂಮಿನ ಮುಂದೆ ಹಾಯ್ದ. ಇಬ್ಬರ ನೆಪಗಳೂ ಇಬ್ಬರಿಗೂ ಗೊತ್ತಿದ್ದವು! ಅವನದು ಮಾತು ಕಡಿಮೆ, ಇಬ್ಬರ ಪಾಲಿನದನ್ನೂ ಅವಳೇ ಆಡುತ್ತಿದ್ದಳು. ಜೋಳದ ಹೊಲಗಳ ನಡುವಿನ ದಾರಿಯಲ್ಲಿ ಅವನ ಹಿಂದೆ ಕೂತು ಹೋಗುವಾಗ ಮಾತ್ರ ಸುಮ್ಮನಾಗುತ್ತಿದ್ದಳು. ಪ್ರೀತಿ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಒಂದು ದಿನ ಅವನು ವೇದಿಕೆಗೆ ಬರುತ್ತೇನೆ ಎಂದು ತಾನಾಗಿ ಒಪ್ಪಿದ. ಹಬ್ಬಕ್ಕೆ ಮುಂಚೆ ಎಂಜಿನ್ ಒಮ್ಮೆ ನೋಡಿಸುತ್ತೇನೆ ಎಂದು ಅವಳು ಕೇಳಿದಾಗ ಬೀಗದ ಕೈಯನ್ನೂ ಕೊಟ್ಟ. ತಾಯಿಯ ಹೊರತು ಬೇರೆ ಯಾರ ಕೈಗೂ ಅವನು ಅದನ್ನು ಕೊಟ್ಟವನಲ್ಲ.

ಅಲ್ಲಿಯೇ ಶಾಂಭವಿ ಎಡವಿದ್ದು.

ಅವಳ ಊರು ಗಂಗಾವತಿ, ತಂದೆಯದು ಅಕ್ಕಿ ವ್ಯಾಪಾರ. ಪ್ರತಿ ಮಹಾನವಮಿಗೆ ಅಂಗಡಿಯ ಹಳೆಯ ತಕ್ಕಡಿಗೆ ಹೊಸ ಬಣ್ಣ ಬಳಿದೇ ಪೂಜೆಗಿಡುವುದು ಆ ಮನೆಯ ಪದ್ಧತಿ. ಪೂಜೆಗೆ ಕೂರುವ ಸಾಮಾನು ಮದುವೆಯ ಹೆಣ್ಣಿನಂತೆ ಇರಬೇಕೆಂದು ಅವಳು ಹುಟ್ಟಿನಿಂದ ನೋಡಿಕೊಂಡು ಬಂದವಳು. ಕಂಪನಿಗೆ ಬರೆದು, ಕಾಡಿ, ಬೇಡಿ ಆ ಗಾಡಿಯ ಮೊದಲಿನ ಕುಂಕುಮಗೆಂಪು ಬಣ್ಣವನ್ನೇ ತರಿಸಿದಳು.

"ಅವನ್ನ ಒಂದ್ ಮಾತು ಕೇಳಿದ್ರ ಛಲೋ ಇತ್ತು, ಬೇಟಿ," ಎಂದು ಮಕ್ಬುಲಸಾಬ ಅನುಮಾನಿಸಿದ.

"ಕೇಳಿದ್ರ ಅವರಿಗೆ ಖುಷಿ ಎಲ್ಲಿ ಉಳೀತೈತ್ರಿ, ಚಾಚಾ?" ಎಂದು ಅವಳು ನಕ್ಕಳು.

ಆಯುಧಪೂಜೆಯ ಬೆಳಗ್ಗೆ ಮಕ್ಬುಲಸಾಬನೇ ಗಾಡಿ ಓಡಿಸಿಕೊಂಡು ಬಂದ, ಹಿಂದೆ ಹಸಿರು ಸೀರೆಯುಟ್ಟ ಶಾಂಭವಿ. ಟ್ಯಾಂಕು ಕನ್ನಡಿಯಂತೆ ಹೊಳೆಯುತ್ತಿತ್ತು. ಅಂಗಳದಲ್ಲಿ ನಿಂತ ಪಂಪಾಪತಿಯ ಮುಖವನ್ನೇ ಅವಳು ನೋಡುತ್ತಿದ್ದಳು. ಅದು ಅರಳಬೇಕಿತ್ತು... ಅರಳಲಿಲ್ಲ. ಅವನು ತುಟಿ ಬಿಚ್ಚುವ ಮೊದಲೇ ತಾಯಿ ಕಳಕಮ್ಮ ಪೂಜೆಯ ತಟ್ಟೆ ಹಿಡಿದು ಹೊರಗೆ ಬಂದರು.

ಕಳಕಮ್ಮನಿಗೆ ಕಣ್ಣು ಮಂಜು. ಪ್ರತಿ ವರ್ಷದಂತೆ ಗಾಡಿಯ ಪಕ್ಕದಲ್ಲಿ ಕೂತು, ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಎಡಗೈಯಿಂದ ಟ್ಯಾಂಕು ತಡವಿದರು. ಮತ್ತೊಮ್ಮೆ ತಡವಿದರು. ಎದ್ದು ಆಚೆ ಪಕ್ಕಕ್ಕೆ ಹೋಗಿ ಅಲ್ಲಿಯೂ ತಡವಿದರು.

"ಪಂಪಣ್ಣಾ... ಎಲ್ಲಿ ಹಚ್ಚಲೋ ಯಪ್ಪಾ?"

ಶಾಂಭವಿಗೆ ಅರ್ಥವಾಗಲಿಲ್ಲ. ಪಂಪಾಪತಿ ತಾಯಿಯ ಕಡೆ ನೋಡುತ್ತಲೇ ಹೇಳಿದ, ದನಿ ಏರಿಸಲಿಲ್ಲ.

"ಅಲ್ಲಿ ನಮ್ಮಪ್ಪನ ಮೊಣಕಾಲು ಇತ್ರಿ."

ಅವನ ತಂದೆ ಕರಿಬಸಪ್ಪ ಜೀವನವಿಡೀ ಓಡಿಸಿದ ಗಾಡಿ ಅದು. ಟ್ಯಾಂಕನ್ನು ಎರಡೂ ಮೊಣಕಾಲಿನಿಂದ ಅವಚಿ ಕೂರುವುದು ಅವರ ರೂಢಿ. ಆ ಬಣ್ಣ ಹಾಗೆ ಸವೆದದ್ದು. ಅವರು ತೀರಿಕೊಂಡ ಮೇಲೆ ಕಳಕಮ್ಮ ಗಂಡನ ಫೋಟೋಕ್ಕೆ ವಿಭೂತಿ ಹಚ್ಚಿದವರಲ್ಲ. ಮಹಾನವಮಿಯ ದಿನ ಆ ಎರಡು ಸವೆದ ಜಾಗಕ್ಕೇ ಹಚ್ಚುತ್ತಿದ್ದರು. ಮಗನ ಮೊಣಕಾಲೂ ಅಲ್ಲಿಯೇ ಸರಿಯಾಗಿ ಕೂರುತ್ತಿತ್ತು.

ಶಾಂಭವಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅಷ್ಟರಲ್ಲಿ ಪಂಪಾಪತಿಯ ಮೊಬೈಲಿಗೆ ಶೋರೂಮಿನ ಜಾಹೀರಾತು ಬಂತು. 'ಹಳೆಯ ಗೆಳೆಯನಿಗೆ ಹೊಸ ಜೀವ ಕೊಟ್ಟ ಶರಭ!' ಮೇಲೆ ಸವೆದ ಟ್ಯಾಂಕಿನ ಚಿತ್ರ, ಕೆಳಗೆ ಹೊಳೆಯುವ ಟ್ಯಾಂಕಿನದು. ಎರಡೂ ಶಾಂಭವಿ ತೆಗೆದ ಚಿತ್ರಗಳೇ. ಖುಷಿ ತಡೆಯಲಾರದೆ ಕಚೇರಿಯ ಗ್ರೂಪಿಗೆ ಹಾಕಿದ್ದಳು, ಮ್ಯಾನೇಜರ್ ಅವಳನ್ನು ಕೇಳದೆ ಎತ್ತಿಕೊಂಡಿದ್ದ.

ಅವನು ಮೊಬೈಲನ್ನು ಅವಳ ಮುಂದೆ ಹಿಡಿದ.

"ಇಷ್ಟಕ್ಕ ಬರ್ತಿದ್ರೇನ್ರಿ ನಮ್ಮ ಮನೀಗೆ?"

'ಅಲ್ಲ... ಅಲ್ಲ!' ಎಂದು ಮನಸ್ಸು ಕೂಗಿತು. ಮ್ಯಾನೇಜರನ ಹೆಸರು ನಾಲಗೆಯ ತುದಿಗೆ ಬಂದಿತ್ತು. ಆದರೆ ಕಳಕಮ್ಮನ ಬೆರಳುಗಳಲ್ಲಿ ವಿಭೂತಿ ಒಣಗುತ್ತಿರುವುದು ಕಾಣಿಸಿತು, ತನ್ನ ಯಾವ ಮಾತೂ ಅದಕ್ಕಿಂತ ದೊಡ್ಡದಲ್ಲ ಎನಿಸಿತು. ಕಣ್ಣೊರೆಸಿಕೊಳ್ಳುತ್ತ ತಪ್ಪಾಯಿತು ಎಂದಷ್ಟೇ ಅಂದಳು.

"ನಾಳೆ ನಾನು ಬರಂಗಿಲ್ಲ. ನೀವೂ ಇನ್ನ ಈ ಕಡೆ ಬರಬ್ಯಾಡ್ರಿ," ಎಂದು ಅವನು ಬೆನ್ನು ತಿರುಗಿಸಿದ.

ಮರುದಿನ ಸಂಜೆ ಶೋರೂಮಿನ ಅಂಗಳ ತುಂಬಿ ತುಳುಕುತ್ತಿತ್ತು. ವೇದಿಕೆಯ ಮೇಲೆ ಹೊಸ ಬೈಕು, ಅದರ ಪಕ್ಕದಲ್ಲಿ ಹಳೆಯದಕ್ಕೆಂದು ಬಿಟ್ಟ ಖಾಲಿ ಜಾಗ. ಮ್ಯಾನೇಜರ್ ಅವಳ ಕಿವಿಯ ಬಳಿ ಬುಸುಗುಟ್ಟಿದ. ಸವಾರನಿಗೆ ಹುಷಾರಿಲ್ಲವೆಂದು ಹೇಳಿ, ಹಳೆಯ ಗಿರಾಕಿಗಳಿಗೆಲ್ಲ ಹೊಸ ಗಾಡಿ ಮೆಚ್ಚುಗೆಯಾಗಿದೆ ಎಂದು ಮುಗಿಸಬೇಕು, ಇಲ್ಲವಾದರೆ ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ.

ಶಾಂಭವಿ ಮೈಕ್ ಹಿಡಿದಳು. ಮುಂದಿನ ಸಾಲಿನಲ್ಲಿ ಕಂಪನಿಯ ಹಿರಿಯರು ನಗುತ್ತ ಕೂತಿದ್ದರು.

"ಹೊಸ ಗಾಡಿ ಚೆಂದ ಐತ್ರಿ. ಆದ್ರ ಇಲ್ಲಿ ಬಂದೋರು ಕೇಳಿದ್ದು ಅದನ್ನಲ್ಲ. ಅವರಿಗೆ ಕಿಕ್ಕರ್ ಬೇಕು, ಮನ್ಯಾಗಿರೋ ಹಳೇ ಗಾಡಿಗೆ ಕ್ಲಚ್ ಪ್ಲೇಟ್ ಬೇಕು. ನೀವು ಕೇಳಲಿಲ್ಲ, ಬಂಗಾರದ ಬಣ್ಣ ಹಚ್ಚಿದ್ರಿ."

ಮ್ಯಾನೇಜರನ ಮುಖ ಹರಳೆಣ್ಣೆ ಕುಡಿದಂತಾಯಿತು. ಅವಳು ಅತ್ತ ನೋಡಲಿಲ್ಲ.

"ನಾನೂ ನಿಮ್ಮಂಗ ಮಾಡೀನ್ರಿ. ನನಗ ಭಾಳ ಬೇಕಾದವರ ಗಾಡಿಗೆ ಕೇಳದ ಬಣ್ಣ ಹಚ್ಚಿಸಿದೆ. ಪ್ರೀತಿಯಿಂದನ ಹಚ್ಚಿಸಿದೆ. ನಿನ್ನೆ ಅವರ ಮನ್ಯಾಗ ವಿಭೂತಿ ಹಚ್ಚಾಕ ಜಾಗ ಉಳೀಲಿಲ್ಲ."

ಮೈಕ್ ಕೆಳಗಿಟ್ಟಳು. ಕಂಪನಿಯ ಹಿರಿಯರು ಎದ್ದು, ಕ್ಲಚ್ ಪ್ಲೇಟ್ ನಿಜಕ್ಕೂ ಸಿಗುತ್ತಿಲ್ಲವೇ ಎಂದು ಜನರನ್ನು ಕೇಳಿದರು. ಆಗ ಎದ್ದ ಗದ್ದಲವನ್ನು ನೀವು ಕೇಳಬೇಕಿತ್ತು! ಕುಷ್ಟಗಿಯವರು, ಯಲಬುರ್ಗಾದವರು, ಎಲ್ಲರಿಗೂ ಹೇಳುವುದಿತ್ತು. ಕಂಪನಿ ಮುಂದೆ ಏನು ಮಾಡಿತೋ ಬಿಡಿ, ನಮಗೆ ಬೇಕಾದವರು ಗೇಟಿನ ಹತ್ತಿರ ನಿಂತಿದ್ದರು.

ಹಿಂದಿನ ಸಂಜೆಯೇ ಮಕ್ಬುಲಸಾಬ ಅಳವಂಡಿಗೆ ಮತ್ತೆ ಹೋಗಿ ಬಣ್ಣ ಅವಳ ಆಸೆ, ಜಾಹೀರಾತು ಮ್ಯಾನೇಜರನ ಕೆಲಸ ಎಂದು ನಡೆದದ್ದನ್ನೆಲ್ಲ ಹೇಳಿ ಬಂದಿದ್ದ. ಆದರೂ ಪಂಪಾಪತಿ ಬಿಗುಮಾನ ಬಿಟ್ಟಿರಲಿಲ್ಲ. ಆ ಹುಡುಗಿ ಅತ್ತದ್ದು ನಿನ್ನ ಮಾತಿಗಲ್ಲ, ನನ್ನ ಕೈ ನೋಡಿ ಅತ್ತಳು ಎಂದು ಕಳಕಮ್ಮ ಗದರಿದ ಮೇಲೆ ಗಾಡಿ ಹೊರಗೆ ತೆಗೆದು, ಅವರನ್ನು ಹಿಂದೆ ಕೂರಿಸಿಕೊಂಡು ಬಂದಿದ್ದ. ಈಗ ಅವಳ ಮಾತೆಲ್ಲವನ್ನೂ ಗೇಟಿನ ಬಳಿಯೇ ನಿಂತು ಕೇಳಿದ್ದ.

ಶಾಂಭವಿ ತಾಯಿ ಮಗನನ್ನು ಕಂಡಳು. ಹಬ್ಬಕ್ಕೆಂದು ವೇದಿಕೆಯಲ್ಲಿ ಇಟ್ಟಿದ್ದ ತಟ್ಟೆಯಿಂದ ಒಂದು ಹಿಡಿ ಬನ್ನಿ ಎತ್ತಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ನಡೆದಳು. ವಿಜಯದಶಮಿಯ ಸಂಜೆ ಬನ್ನಿ ಕೊಡಲು ಬಂದವರನ್ನು ಯಾರೂ ತಿರುಗಿ ಕಳಿಸುವಂತಿಲ್ಲ, ಹಗೆಯಿದ್ದರೂ ಕೈ ಚಾಚಲೇಬೇಕು. ಅದೊಂದೇ ಧೈರ್ಯ ಅವಳಿಗಿತ್ತು.

ಕಳಕಮ್ಮನ ಕೈಗೆ ಬನ್ನಿ ಇಟ್ಟು ಕಾಲಿಗೆ ಬಿದ್ದಳು. ಅವರು ಅವಳನ್ನು ಎಬ್ಬಿಸಿ, ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ನಿನ್ನೆಯ ವಿಭೂತಿ ಇತ್ತು. ಮೂರು ಬೆರಳಿನಿಂದ ಅದನ್ನು ಅವಳ ಹಣೆಗೆ ಎಳೆದರು.

"ನಿನ್ನೆ ಉಳಿದಿತ್ತವ್ವಾ. ಜಾಗ ಸಿಗ್ತು ನೋಡು," ಎಂದರು. ಆಮೇಲೆ, ಜನರ ನಡುವೆ ನಿಂತಿದ್ದ ಮಕ್ಬುಲಸಾಬನಿಗೆ ಬನ್ನಿ ಕೊಟ್ಟು, ಅವನ ಜೊತೆಗೇ ಊರಿಗೆ ಬರುತ್ತೇನೆಂದು ಬೇಕೆಂದೇ ಅತ್ತ ಹೋದರು.

ಉಳಿದದ್ದು ಇಬ್ಬರು, ನಡುವೆ ಆ ಗಾಡಿ.

ಶಾಂಭವಿ ತಲೆ ಎತ್ತದೆ ಬನ್ನಿ ಚಾಚಿದಳು. "ಬನ್ನಿ ತಗೊಂಡು..." ಎಂದವಳ ಕಣ್ಣು ಹೊಳೆಯುವ ಟ್ಯಾಂಕಿನ ಮೇಲೆ ಬಿತ್ತು.

"ಬಂಗಾರದಂಗ ಇರೋಣ," ಎಂದು ಪಂಪಾಪತಿ ಮುಗಿಸಿದ. ಬನ್ನಿ ತೆಗೆದುಕೊಂಡವನು ಅವಳ ಬೆರಳುಗಳನ್ನು ಬಿಡಲಿಲ್ಲ. "ನಿನ್ನೆ ನಾನೂ ಕೇಳದ ಮಾತಾಡಿಬಿಟ್ಟೆ. ಮನಸ್ಸಿಗೆ ಹಚ್ಕೋಬ್ಯಾಡ್ರಿ."

"ಆ ಗುರುತು... ಮತ್ತ ಬರಂಗಿಲ್ಲಲ್ರಿ?"

"ಅಪ್ಪಂದು ಬರಂಗಿಲ್ಲ. ಇನ್ನ ನನ್ನ ಮೊಣಕಾಲಿಂದ ಬೀಳಬೇಕು."

"ಎಷ್ಟು ದಿನ ಹಿಡೀತೈತಿ?"

"ದಿನ ಅಲ್ರಿ, ಇಪ್ಪತ್ತು ವರ್ಷರ ಬೇಕು." ಅವನು ಕಿಕ್ಕರಿನ ಮೇಲೆ ಕಾಲಿಟ್ಟು, ಅವಳ ಕಡೆ ನೋಡದೆ ಕೇಳಿದ, "ಅಷ್ಟು ವರ್ಷ ಹಿಂದ ಕೂಡಾಕ ಒಬ್ರು ಬೇಕಾಗ್ಯಾರ. ಬರ್ತೀರೇನು?"

ಧಡ್... ಧಡ್... ಧಡ್...

ಶಾಂಭವಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಹತ್ತಿ ಕೂತಳು. ಅವನ ಭುಜದ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಗಿದಳು.

"ಸಾವಕಾಶ ಹೋಗ್ರಿ. ನನಗೇನೂ ಅವಸರ ಇಲ್ಲ."